ಬಾವಿ ನೀರಿನಲ್ಲಿ ಪೆಟ್ರೋಲ್: ಕೊಡಗಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ನೆಲದಡಿಯ ಇಂಧನ ಟ್ಯಾಂಕುಗಳ ಸೋರಿಕೆಯ ಬಗ್ಗೆ ಮಡಿಕೇರಿ, ಸೋಮವಾರಪೇಟೆ, ವಿರಾಜಪೇಟೆ ಕಡೆಯ ಪತ್ರಗಳಲ್ಲಿಯೂ ತೋಟದ ಮನೆಗಳ ಜಗಲಿಯ ಮಾತುಕತೆಯಲ್ಲಿಯೂ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳು ಇವು. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲಿಯೇ ಉಳಿಸಿಕೊಂಡಿದ್ದೇನೆ.

## ಮೊದಲು ತಿಳಿಯಬೇಕಾದದ್ದು

ಟ್ಯಾಂಕನ್ನು ನೆಲದೊಳಗೆ ಹೂತು ಮೇಲೆ ಕಾಂಕ್ರೀಟ್ ಹಾಕಿರುತ್ತಾರೆ. ಅದು ಸೋರುವುದಾದರೂ ಹೇಗೆ?

ಕಾಂಕ್ರೀಟ್ ಮೇಲಿನ ವಾಹನಗಳ ಭಾರ ಹೊರುತ್ತದೆ, ಅಷ್ಟೆ. ಕೆಳಗಿನ ತುಕ್ಕಿಗೂ ಅದಕ್ಕೂ ಸಂಬಂಧವಿಲ್ಲ. ಒಂದೇ ಪದರದ ಉಕ್ಕಿನ ಟ್ಯಾಂಕು ತೇವದ ಮಣ್ಣಿನಲ್ಲಿ ವರ್ಷಗಟ್ಟಲೆ ಕುಳಿತಾಗ, ಲೇಪ ಕಿತ್ತುಹೋದ ಜಾಗದಲ್ಲಿ ತುಕ್ಕು ಒಂದೇ ಬಿಂದುವಿಗೆ ಇಳಿದು ಸೂಜಿಮೊನೆಯಷ್ಟು ರಂಧ್ರ ಕೊರೆಯುತ್ತದೆ. ಕೊಡಗಿನದು ಹುಳಿ ಮಣ್ಣು. ಕಾಫಿ ಗಿಡಕ್ಕೆ ಸುಣ್ಣ ಕೊಡುವ ಬೆಳೆಗಾರರಿಗೆ ಇದನ್ನು ಹೊಸದಾಗಿ ಹೇಳಬೇಕಾಗಿಲ್ಲ. ಹುಳಿಯೂ ತೇವವೂ ಕೂಡಿದ ಕಡೆ ಉಕ್ಕಿನ ಆಯುಸ್ಸು ಕಡಿಮೆ.

ಆದರೂ ಅನೇಕ ಸೋರಿಕೆಗಳಿಗೆ ಟ್ಯಾಂಕಿನ ಹೊಟ್ಟೆ ಕಾರಣವಾಗಿರುವುದಿಲ್ಲ. ಟ್ಯಾಂಕಿನಿಂದ ಪಂಪಿಗೆ ಹೋಗುವ ಕೊಳವೆಗಳ ಜೋಡಣೆಗಳಲ್ಲಿ, ಟ್ಯಾಂಕರ್ ಇಳಿಸುವಾಗ ಉಕ್ಕಿ ಚೆಲ್ಲುವ ಬಾಯಿಯ ಸುತ್ತ ಅವು ಆಗುತ್ತವೆ. ಮಳೆಗಾಲದಲ್ಲಿ ಗುಂಡಿಯಲ್ಲಿ ನೀರು ನಿಂತರೆ ಖಾಲಿ ಟ್ಯಾಂಕು ದೋಣಿಯಂತೆ ಮೇಲೇಳಲು ನೋಡುತ್ತದೆ: 20,000 ಲೀಟರಿನ ಟ್ಯಾಂಕು ಪೂರ್ತಿ ಮುಳುಗಿದರೆ ನೀರು ಅದನ್ನು ಸುಮಾರು 20 ಟನ್ ಬಲದಿಂದ ಮೇಲಕ್ಕೆ ಎತ್ತುತ್ತದೆ. ಬಿಗಿದ ಪಟ್ಟಿ ಸಡಿಲವಿದ್ದು ಟ್ಯಾಂಕು ಒಂದು ಅಂಗುಲ ಸರಿದರೂ ಕೊಳವೆಯ ಜೋಡಣೆ ಬಿಟ್ಟುಕೊಳ್ಳಬಹುದು. 2018ರ ಆಗಸ್ಟಿನ ಕುಸಿತಗಳನ್ನು ಕಂಡ ಜಿಲ್ಲೆಯಲ್ಲಿ, ಕಣ್ಣಿಗೆ ಕಾಣದಷ್ಟು ನಿಧಾನವಾಗಿ ಇಳಿಜಾರೇ ಸರಿಯುವ ಸಾಧ್ಯತೆಯನ್ನೂ ಮರೆಯುವಂತಿಲ್ಲ.

ನಮ್ಮ ಬಾವಿ ನೀರಿನ ಮೇಲೆ ಬಣ್ಣಬಣ್ಣದ ಎಣ್ಣೆ ಪದರ ಕಾಣುತ್ತದೆ. ಇದು ಬಂಕಿನದ್ದೇ ಅಲ್ಲವೆ?

ಹಾಗೆಂದು ಹೇಳುವ ಮೊದಲು ಒಂದು ಕಡ್ಡಿಯಿಂದ ಆ ಪದರವನ್ನು ಕಲಕಿ ನೋಡಬೇಕು. ಕಬ್ಬಿಣದ ಅಂಶವಿರುವ ನೀರಿನಲ್ಲಿ ಬೆಳೆಯುವ ಒಂದು ಬಗೆಯ ಬ್ಯಾಕ್ಟೀರಿಯಾ ಥೇಟ್ ಎಣ್ಣೆಯಂತೆಯೇ ಕಾಮನಬಿಲ್ಲಿನ ಬಣ್ಣದ ಪೊರೆ ಕಟ್ಟುತ್ತದೆ. ಗದ್ದೆಯ ಬದುವಿನಲ್ಲಿ, ಒರತೆಯ ಬಾಯಲ್ಲಿ ಕಾಣುವ ಕೆಂಪು ಗಸಿಯೊಂದಿಗೆ ಇದು ಸಾಮಾನ್ಯವಾಗಿ ಇರುತ್ತದೆ. ಕಡ್ಡಿ ತಾಗಿದಾಗ ಈ ಪೊರೆ ಒಡೆದ ಗಾಜಿನಂತೆ ಚೂರುಚೂರಾಗಿ ಹಾಗೆಯೇ ಉಳಿಯುತ್ತದೆ. ಪೆಟ್ರೋಲಿಯಂ ಎಣ್ಣೆಯ ಪದರವಾದರೆ ಕಡ್ಡಿ ತೆಗೆದೊಡನೆ ಸುತ್ತಿ ಬಂದು ಮತ್ತೆ ಕೂಡಿಕೊಳ್ಳುತ್ತದೆ. ನನ್ನ ಬಳಿ ಬಂದ ದೂರುಗಳಲ್ಲಿ ಹಲವು ಈ ಕಡ್ಡಿಯ ಪರೀಕ್ಷೆಯಲ್ಲಿಯೇ ಮುಗಿದಿವೆ.

ಎಣ್ಣೆಯೇ ಎಂದು ತಿಳಿದ ಮೇಲೂ ಬಂಕಿನ ಕಡೆಗೆ ಕೈ ತೋರಿಸುವ ಮೊದಲು ಬಾವಿಕಟ್ಟೆಯ ಸುತ್ತ ನೋಡಬೇಕು. ಬಾವಿಯ ಪಕ್ಕದ ಡೀಸೆಲ್ ಪಂಪ್‌ಸೆಟ್, ಜನರೇಟರ್ ಕೊಠಡಿ, ಸ್ಪ್ರಿಂಕ್ಲರಿಗೆಂದು ತಂದಿಟ್ಟ ಡೀಸೆಲ್ ಡ್ರಮ್ಮು, ಎಣ್ಣೆ ತುಂಬಿದ ಹಳೆಯ ಬಗೆಯ ಸಬ್‌ಮರ್ಸಿಬಲ್ ಮೋಟಾರಿನ ಒಡೆದ ಸೀಲು, ಇವುಗಳಲ್ಲಿ ಯಾವುದಾದರೂ ಕಾರಣವಾಗಿರಬಹುದು.

ವಾಸನೆ ಏನೂ ಇಲ್ಲ. ಹಾಗಾದರೆ ಕುಡಿಯಬಹುದಲ್ಲ?

ಮೂಗನ್ನು ನಂಬಿ ಕುಡಿಯಬಾರದು. ಪೆಟ್ರೋಲಿನ ಅಂಶಗಳಲ್ಲಿ ನೀರಿಗೆ ಸುಲಭವಾಗಿ ಸೇರುವವು ಬೆಂಜೀನ್, ಟಾಲೂಯಿನ್, ಈಥೈಲ್‌ಬೆಂಜೀನ್ ಮತ್ತು ಜೈಲೀನ್. ಇವುಗಳಲ್ಲಿ ಬೆಂಜೀನ್ ರಕ್ತದ ಕ್ಯಾನ್ಸರಿಗೆ ಕಾರಣವೆಂದು ಸಾಬೀತಾದ ವಸ್ತು. ವಿಶ್ವ ಆರೋಗ್ಯ ಸಂಸ್ಥೆ ಕುಡಿಯುವ ನೀರಿನಲ್ಲಿ ಅದಕ್ಕೆ ಸೂಚಿಸಿರುವ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ಆದರೆ ಬೆಂಜೀನಿನ ವಾಸನೆ ಮೂಗಿಗೆ ಹತ್ತುವುದು ಲೀಟರಿಗೆ ಸುಮಾರು 10 ಮಿಲಿಗ್ರಾಂ ಆದಾಗ, ಅಂದರೆ ಮಿತಿಯ ಸಾವಿರ ಪಟ್ಟಿನಲ್ಲಿ. ಬಾವಿಯಲ್ಲಿ ನಮಗೆ ವಾಸನೆ ಬರುವುದು ಬಹುಮಟ್ಟಿಗೆ ಅದರ ಜೊತೆಗಾರರಿಂದ. ಅವು ಇಲ್ಲದೆ ಬೆಂಜೀನ್ ಮುಂದೆ ಬಂದಿದ್ದರೆ ಮೂಗು ಸುಮ್ಮನಿರುತ್ತದೆ.

ಪ್ರಮಾಣದ ಅಂದಾಜಿಗೆ ಒಂದು ಲೆಕ್ಕ. ಈಗಿನ ಬಿ.ಎಸ್. 6 ಪೆಟ್ರೋಲಿನಲ್ಲಿ ಬೆಂಜೀನ್ ಶೇಕಡಾ 1ಕ್ಕಿಂತ ಹೆಚ್ಚಿರಬಾರದು. ಆ ಮಿತಿಯಲ್ಲಿರುವ ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 8.8 ಗ್ರಾಂ ಬೆಂಜೀನ್ ಇರುತ್ತದೆ. ಅಷ್ಟನ್ನು ಲೀಟರಿಗೆ 10 ಮೈಕ್ರೋಗ್ರಾಂ ಆಗುವಂತೆ ಕರಗಿಸಲು 8 ಲಕ್ಷ 80 ಸಾವಿರ ಲೀಟರ್ ನೀರು ಬೇಕು.

ಕುದಿಸಿದರೆ ಹೋಗುವುದಿಲ್ಲವೆ?

ನೀರಿನಿಂದ ಒಂದಷ್ಟು ಹೋಗುತ್ತದೆ, ಅಡುಗೆಮನೆಯ ಗಾಳಿಗೆ. ಉಸಿರಿನ ಮೂಲಕ ಅದು ನಮ್ಮೊಳಗೇ ಬರುತ್ತದೆ. ಬಚ್ಚಲುಮನೆಯಲ್ಲಿ ಹಂಡೆ ಕಾಯಿಸಿದರೂ ಅಷ್ಟೆ. ಇದ್ದಿಲಿನ ಫಿಲ್ಟರ್ ಸ್ವಲ್ಪ ಕಾಲ ಹಿಡಿದಿಡುತ್ತದೆ, ತುಂಬಿದ ಮೇಲೆ ಹಿಡಿಯುವುದಿಲ್ಲ, ತುಂಬಿದ್ದನ್ನು ತಾನಾಗಿ ಹೇಳುವುದೂ ಇಲ್ಲ. ಪರೀಕ್ಷೆಯ ಫಲ ಬರುವವರೆಗೆ ಬೇರೆ ನೀರು ಬಳಸುವುದೇ ದಾರಿ.

ಇದಕ್ಕಿಂತ ತುರ್ತಾದ ಇನ್ನೊಂದು ಮಾತಿದೆ. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ತೆರೆದ ಬಾವಿಯ ತಳದಲ್ಲಿ ಅದು ಕೆರೆಯಂತೆ ನಿಲ್ಲುತ್ತದೆ. ವಾಸನೆ ಬಂದ ಬಾವಿಗೆ ಬೇಸಿಗೆಯಲ್ಲಿ ಹೂಳು ತೆಗೆಯಲು ಆಳುಗಳನ್ನು ಇಳಿಸಬಾರದು, ದೀಪ ಇಳಿಸಿ ಗಾಳಿ ಪರೀಕ್ಷಿಸುವ ಹಳೆಯ ಕ್ರಮವನ್ನಂತೂ ಮಾಡಲೇಬಾರದು.

## ನೆಲ, ಮಳೆ ಮತ್ತು ದೂರ

ಬಂಕು ನಮ್ಮ ಮನೆಯಿಂದ ಕಾಲು ಕಿಲೋಮೀಟರ್ ಮೇಲಿದೆ. ಅಷ್ಟು ದೂರ ಬರುತ್ತದೆಯೆ?

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸೋರಿದ ಟ್ಯಾಂಕುಗಳ ಬಗ್ಗೆ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯ 1995ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ನೀರಿನಲ್ಲಿ ಕರಗಿದ ಬೆಂಜೀನ್ ಸುಮಾರು 250 ಅಡಿ ದಾಟಿ ಹೋಗುವುದು ಅಪರೂಪ. ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ದಾರಿಯಲ್ಲಿಯೇ ತಿಂದು ಮುಗಿಸುತ್ತವೆ. ಈ ಅಂಕಿಯನ್ನು ಹಿಡಿದು ಕೊಡಗಿನಲ್ಲಿ ಯಾರಾದರೂ ಸಮಾಧಾನ ಹೇಳಿದರೆ ನಾನು ಒಪ್ಪುವುದಿಲ್ಲ. ಮರಳು, ಜಲ್ಲಿ, ಮೆಕ್ಕಲು ತುಂಬಿದ ಬಯಲಿನ ನೆಲದಲ್ಲಿ ಕಂಡ ದೂರವನ್ನು ಬಿರುಕುಬಂಡೆಯ ಬೆಟ್ಟಕ್ಕೆ ಹಾಗೆಯೇ ತಂದು ಕೂರಿಸಲಾಗದು.

ನಮ್ಮ ನೆಲದಲ್ಲಿ ಮೇಲೆ ಕೆಂಪು ಮಣ್ಣು, ಅಲ್ಲಲ್ಲಿ ಮುರಕಲ್ಲು, ಅದರ ಕೆಳಗೆ ಕೊಳೆತ ಬಂಡೆಯ ಜೇಡಿಯಂಥ ಪದರ, ಅದರಡಿಯಲ್ಲಿ ನೈಸ್ ಮತ್ತು ಚಾರ್ನೊಕೈಟ್ ಬಂಡೆ. ಗಟ್ಟಿ ಬಂಡೆಯಲ್ಲಿ ನೀರು ಬಿರುಕುಗಳಲ್ಲಿ ಮಾತ್ರ ನಡೆಯುತ್ತದೆ. ಜೇಡಿಯಲ್ಲಿ ವರ್ಷಕ್ಕೆ ಕೆಲವೇ ಮೀಟರ್ ಸಾಗುವ ನೀರು ತೆರೆದ ಬಿರುಕು ಸಿಕ್ಕಿದರೆ ಒಂದು ಮಳೆಗಾಲದಲ್ಲಿ ಗುಡ್ಡದ ಬುಡ ಮುಟ್ಟಬಹುದು. ನಡುವಿನ ಕೊಳೆತ ಪದರಕ್ಕೆ ಒಂದು ಉದಾಹರಣೆಯ ಲೆಕ್ಕ: ನೀರು ಹಾಯಿಸುವ ಗುಣ ದಿನಕ್ಕೆ ಅರ್ಧ ಮೀಟರ್, ನೀರಿನ ಮಟ್ಟದ ಇಳಿಜಾರು ನೂರಕ್ಕೆ ಐದು, ರಂಧ್ರಾಂಶ ಶೇಕಡಾ 20 ಎಂದಿಟ್ಟುಕೊಂಡು, ಮೊದಲೆರಡನ್ನು ಗುಣಿಸಿ ಮೂರನೆಯದರಿಂದ ಭಾಗಿಸಿದರೆ, ನೀರು ವರ್ಷಕ್ಕೆ ಸುಮಾರು 45 ಮೀಟರ್ ಚಲಿಸುತ್ತದೆ. ಇಪ್ಪತ್ತು ವರ್ಷ ಹಳೆಯ ಟ್ಯಾಂಕಿದ್ದರೆ ಕಾಲು ಕಿಲೋಮೀಟರನ್ನು ಅಸಾಧ್ಯವೆಂದು ತಳ್ಳಿಹಾಕಲಾಗದು.

ಬಂಕುಗಳು ಬಹುತೇಕ ರಸ್ತೆಯಂಚಿನ ಎತ್ತರದಲ್ಲಿ, ಬಾವಿಗಳು ತಗ್ಗಿನಲ್ಲಿ, ಗದ್ದೆಗಳು ಅದಕ್ಕಿಂತ ಕೆಳಗೆ. ಹೀಗಾಗಿ ಕೊಡಗಿನಲ್ಲಿ ದೂರಕ್ಕಿಂತ ಮೊದಲು ಕೇಳಬೇಕಾದದ್ದು ನೀರು ಯಾವ ಮಗ್ಗುಲಿಗೆ ಇಳಿಯುತ್ತದೆ ಎಂಬುದನ್ನು. ಐವತ್ತೇ ಮೀಟರ್ ದೂರದಲ್ಲಿದ್ದರೂ ಏಣಿನ ಆಚೆಗಿರುವ ಬಾವಿ ಬಚಾವಾಗಿರಬಹುದು; ದೂರದ ತೋಡಿನ ಪಕ್ಕದ ಒರತೆ ಕೆಟ್ಟಿರಬಹುದು.

ಮಳೆಗಾಲದಲ್ಲಿ ನೀರು ಚೆನ್ನಾಗಿರುತ್ತದೆ, ಫೆಬ್ರವರಿ–ಮಾರ್ಚಿನಲ್ಲಿ ವಾಸನೆ ಬರುತ್ತದೆ. ಏಕೆ?

ಇದು ಬಹಳ ಒಳ್ಳೆಯ ಸುಳಿವು. ಇಂಧನ ನೀರಿಗಿಂತ ಹಗುರ. ಸೋರಿದ್ದು ಕೆಳಗಿಳಿದು ಅಂತರ್ಜಲದ ಮೇಲ್ಮೈಯಲ್ಲಿ ಹರಡಿಕೊಳ್ಳುತ್ತದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ನೀರಿನ ಮಟ್ಟ ಏರಿದಾಗ ಈ ಪದರವೂ ಏರುತ್ತದೆ, ಆದರೆ ಅದರ ಒಂದು ಪಾಲು ಮಣ್ಣಿನ ರಂಧ್ರಗಳಲ್ಲಿ ಹನಿಹನಿಯಾಗಿ ಸಿಕ್ಕಿಕೊಂಡು ನೀರಿನಡಿಯಲ್ಲಿ ಉಳಿದುಬಿಡುತ್ತದೆ. ಬೇಸಿಗೆಯಲ್ಲಿ ಮಟ್ಟ ಇಳಿದಾಗ ಸಿಕ್ಕಿಕೊಂಡ ಹನಿಗಳು ಬಿಡಿಸಿಕೊಂಡು ಮತ್ತೆ ತೇಲುತ್ತವೆ. ವರ್ಷ ವರ್ಷ ಈ ಏರಿಳಿತ ನಡೆದು, ಗೋಡೆಗೆ ಬಣ್ಣ ಬಳಿದಂತೆ ಕೆಲವು ಮೀಟರ್ ದಪ್ಪದ ಮಣ್ಣಿಗೆ ಇಂಧನ ಬಳಿದುಕೊಳ್ಳುತ್ತದೆ.

ಎರಡನೆಯ ಕಾರಣ ನಮ್ಮದೇ ಕೈಕೆಲಸ. ಕಾಫಿ ಹೂವರಳಿಸುವ ಹೂಮಳೆ ಬಾರದಿದ್ದರೆ ತೋಟಗಳಲ್ಲಿ ಫೆಬ್ರವರಿಯಿಂದ ಸ್ಪ್ರಿಂಕ್ಲರ್ ಹಚ್ಚುತ್ತಾರೆ. ಕೊಳವೆ ಬಾವಿಯಿಂದ ಹಗಲೂ ರಾತ್ರಿ ಎತ್ತಿದಾಗ ಸುತ್ತಲಿನ ನೀರಿನ ಮಟ್ಟ ಕೊಳವೆಯ ಕಡೆಗೆ ವಾಲಿ, ಉಳಿದ ಒಂಬತ್ತು ತಿಂಗಳು ಬೇರೆ ಕಡೆ ಹರಿಯುತ್ತಿದ್ದ ಮಲಿನ ನೀರು ದಿಕ್ಕು ಬದಲಿಸಬಹುದು. ಆದ್ದರಿಂದ ಒಂದೇ ಸಲದ ಪರೀಕ್ಷೆಯನ್ನು ನಂಬಬಾರದು. ಮಾರ್ಚ್ ಕೊನೆಗೊಮ್ಮೆ, ಆಗಸ್ಟಿನಲ್ಲೊಮ್ಮೆ ಆಗಲೇಬೇಕು. ಕೆಲವು ಬಾವಿಗಳಲ್ಲಿ ಇದಕ್ಕೆ ತದ್ವಿರುದ್ಧವಾಗಿ ಮೊದಲ ಮಳೆಯಲ್ಲಿಯೇ ವಾಸನೆ ಬರುತ್ತದೆ. ಆಗ ಮೇಲುಮಣ್ಣಿನಲ್ಲಿರುವ ಇಂಧನವನ್ನು ಮಳೆ ತೊಳೆದು ತರುತ್ತಿದೆಯೆಂದು ಮೊದಲು ಶಂಕಿಸಬೇಕು.

ಬೋರ್‌ವೆಲ್ ನೀರು ಪರೀಕ್ಷೆ ಮಾಡಿಸಿದೆವು, ಏನೂ ಇಲ್ಲ ಎಂದು ಬಂತು. ಇನ್ನು ಚಿಂತೆ ಇಲ್ಲವಲ್ಲ?

ಬೋರ್‌ವೆಲ್ ಕೊರೆಯುವಾಗ ಮೇಲಿನ ಸಡಿಲ ಮಣ್ಣು ಕುಸಿಯದಂತೆ ಗಟ್ಟಿ ಬಂಡೆಯವರೆಗೆ ಕೇಸಿಂಗ್ ಪೈಪ್ ಇಳಿಸಿರುತ್ತಾರೆ. ಇಂಧನ ತೇಲುವುದು ಆ ಕೇಸಿಂಗ್ ಮುಚ್ಚಿದ ಪದರದಲ್ಲಿಯೇ. ಹಾಗಾಗಿ ಮುನ್ನೂರು ಅಡಿಯ ಕೊಳವೆಯ ನೀರು ಶುದ್ಧವಿದೆಯೆಂದರೆ ಆ ಕೊಳವೆಯನ್ನು ಸೇರುವ ಬಿರುಕು ಇವತ್ತು ಶುದ್ಧವಿದೆ ಎಂದಷ್ಟೇ ತಿಳಿಯಬೇಕು. ಪಕ್ಕದ ಮೂವತ್ತು ಅಡಿಯ ತೆರೆದ ಬಾವಿಯ ಬಗ್ಗೆ ಅದರಿಂದ ಏನೂ ತಿಳಿಯದು.

## ಲೆಕ್ಕ ಮತ್ತು ಸ್ಯಾಂಪಲ್

ಸೋರಿದರೆ ಬಂಕಿನವರಿಗೆ ಲೆಕ್ಕದಲ್ಲಿ ಗೊತ್ತಾಗಬೇಕಲ್ಲ? ದಿನಾ ಕೋಲು ಹಾಕಿ ಅಳೆಯುತ್ತಾರೆ.

ದೊಡ್ಡ ಸೋರಿಕೆ ಗೊತ್ತಾಗುತ್ತದೆ. ಸಣ್ಣದು ಲೆಕ್ಕದ ಏರುಪೇರಿನಲ್ಲಿ ಮುಚ್ಚಿಹೋಗುತ್ತದೆ, ಅದೂ ಘಟ್ಟದ ಮೇಲೆ. ಪೆಟ್ರೋಲ್ ಒಂದು ಡಿಗ್ರಿ ತಣ್ಣಗಾದರೆ ಹೆಚ್ಚುಕಡಿಮೆ ಸಾವಿರದಲ್ಲೊಂದು ಪಾಲು ಕುಗ್ಗುತ್ತದೆ. ಕರಾವಳಿಯ ಸೆಕೆಯಲ್ಲಿ 12,000 ಲೀಟರ್ ತುಂಬಿದ ಟ್ಯಾಂಕರ್ ಸಂಪಾಜೆ ಘಾಟಿ ಹತ್ತಿ ಬಂದು, ಇಳಿಸಿದ ಇಂಧನ ಮಡಿಕೇರಿಯ ಚಳಿಗೆ ಎಂಟು ಡಿಗ್ರಿ ತಣ್ಣಗಾದರೆ, ಒಂದು ಹನಿಯೂ ಚೆಲ್ಲದೆ ಸುಮಾರು 100 ಲೀಟರ್ ಕಡಿಮೆ ಕಾಣುತ್ತದೆ. ಗಂಟೆಗೆ ಒಂದು ಲೀಟರ್ ಸೋರುವ ಟ್ಯಾಂಕಿನಿಂದ ದಿನಕ್ಕೆ ಹೋಗುವುದು 24 ಲೀಟರ್. ನೂರರ ಏರುಪೇರಿನ ನಡುವೆ ಇಪ್ಪತ್ನಾಲ್ಕನ್ನು ಹುಡುಕುವುದು ಹೇಗೆ? ಒಂದು ದಿನದ ಲೆಕ್ಕದಲ್ಲಿ ಆಗದು. ಉಷ್ಣತೆ ಸರಿಹೊಂದಿಸಿದ ತಿಂಗಳುಗಳ ಲೆಕ್ಕದಲ್ಲಿ ಆಗುತ್ತದೆ, ಏಕೆಂದರೆ ಹಿಗ್ಗು ಕುಗ್ಗುಗಳು ಒಂದನ್ನೊಂದು ಹೊಡೆದುಹಾಕಿಕೊಳ್ಳುತ್ತವೆ, ಸೋರಿಕೆ ಮಾತ್ರ ಒಂದೇ ಕಡೆಗೆ ಕೂಡುತ್ತಾ ಹೋಗುತ್ತದೆ.

ಟ್ಯಾಂಕಿನ ಬಿಗಿತದ ಪರೀಕ್ಷೆಗೂ ಮಿತಿಯಿದೆ. ಗಂಟೆಗೆ 0.1 ಗ್ಯಾಲನ್, ಅಂದರೆ ಸುಮಾರು 0.38 ಲೀಟರ್ ಸೋರಿಕೆಯನ್ನು ಹಿಡಿಯಬೇಕೆಂಬುದು ಅಮೆರಿಕದ ನಿಯಮ. ಅದಕ್ಕಿಂತ ತುಸು ಕಡಿಮೆ ಸೋರುವ ಟ್ಯಾಂಕು ಪರೀಕ್ಷೆ ದಾಟಿಯೂ ವರ್ಷಕ್ಕೆ ಮೂರು ಸಾವಿರ ಲೀಟರಿನಷ್ಟು ನೆಲಕ್ಕೆ ಬಿಡಬಲ್ಲದು.

ಸ್ಯಾಂಪಲನ್ನು ಮಿನರಲ್ ವಾಟರ್ ಬಾಟಲಿಯಲ್ಲಿ ತುಂಬಿ ಕಳಿಸಿದರೆ ಸಾಕೆ?

ಸಾಲದು, ಹಾಗೆ ಕಳಿಸಿದ ಸ್ಯಾಂಪಲಿನಿಂದ ಬರುವ ‘ಏನೂ ಇಲ್ಲ’ ಎಂಬ ಫಲ ಪರೀಕ್ಷೆ ಮಾಡಿಸದಿರುವುದಕ್ಕಿಂತ ಕೆಟ್ಟದ್ದು. ಬೆಂಜೀನ್ ಗಾಳಿಗೆ ಹಾರುತ್ತದೆ, ಪ್ಲಾಸ್ಟಿಕ್ ಕೂಡ ಅದನ್ನು ಹೀರಿಕೊಳ್ಳುತ್ತದೆ. ಬೇಕಾದದ್ದು ಟೆಫ್ಲಾನ್ ಪದರದ ಮುಚ್ಚಳವಿರುವ 40 ಮಿಲಿಲೀಟರಿನ ಗಾಜಿನ ಸೀಸೆ. ಪ್ರಯೋಗಾಲಯದವರು ಅದರಲ್ಲಿ ಕೆಲವು ಹನಿ ಹೈಡ್ರೋಕ್ಲೋರಿಕ್ ಆಮ್ಲ ಹಾಕಿ ಕೊಡುತ್ತಾರೆ, ಸೂಕ್ಷ್ಮಜೀವಿಗಳು ದಾರಿಯಲ್ಲಿ ಬೆಂಜೀನನ್ನು ತಿನ್ನದಿರಲೆಂದು. ನೀರನ್ನು ನಿಧಾನವಾಗಿ, ನೊರೆ ಏಳದಂತೆ, ಅಂಚು ಉಬ್ಬುವವರೆಗೆ ತುಂಬಿ ಮುಚ್ಚಿ, ತಲೆಕೆಳಗು ಮಾಡಿ ತಟ್ಟಿದಾಗ ಗುಳ್ಳೆ ಕಾಣಬಾರದು. ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ 4 ಡಿಗ್ರಿಯ ಆಸುಪಾಸಿನಲ್ಲಿಟ್ಟರೆ 14 ದಿನಗಳೊಳಗೆ ಪರೀಕ್ಷೆ ಆಗಬಹುದು. ರಾತ್ರಿ ಬಸ್ಸಿಗೆ ಹಾಕಿದರೆ ಬೆಳಿಗ್ಗೆ ಬೆಂಗಳೂರು, ಅವಧಿಯ ತೊಂದರೆ ನಮಗಿಲ್ಲ. ತೊಂದರೆ ಇರುವುದು ಮಂಜುಗಡ್ಡೆ ಕರಗುವುದರಲ್ಲಿ. ಮಾಳಿಗೆಯ ಮೇಲಿನ ತೊಟ್ಟಿಯಿಂದ ಬರುವ ನಲ್ಲಿಯಲ್ಲಿ ಹಿಡಿಯಬಾರದು, ತೊಟ್ಟಿಯಲ್ಲಿಯೇ ಅರ್ಧ ಹಾರಿಹೋಗಿರುತ್ತದೆ.

ಜೊತೆಗೆ ಶುದ್ಧ ನೀರು ತುಂಬಿದ ಒಂದು ಸೀಸೆಯನ್ನು ತೆರೆಯದೆ ಹೋಗಿ ಬರುವವರೆಗೂ ಇರಿಸಿಕೊಳ್ಳಬೇಕು. ಒಮ್ಮೆ ದಾರಿಯಲ್ಲಿ ಜೀಪಿಗೆ ಡೀಸೆಲ್ ಹಾಕಿಸಿ ಅದೇ ಕೈಯಲ್ಲಿ ಸೀಸೆಗಳನ್ನು ಮುಟ್ಟಿದ್ದೆ. ಆ ಶುದ್ಧ ಸೀಸೆಯಲ್ಲಿಯೂ ಟಾಲೂಯಿನ್ ಕಂಡಾಗ ಇಡೀ ದಿನದ ಕೆಲಸವನ್ನು ಬಿಸಾಡಬೇಕಾಯಿತು.

ಯಾವ ಟೆಸ್ಟ್ ಎಂದು ಹೇಳಬೇಕು?

ಸುಮ್ಮನೆ ‘ಕುಡಿಯುವ ನೀರಿನ ಟೆಸ್ಟ್’ ಎಂದರೆ ಗಡಸುತನ, ಕಬ್ಬಿಣ, ನೈಟ್ರೇಟ್, ಕೋಲಿಫಾರ್ಮ್ ನೋಡಿ ಕೊಡುತ್ತಾರೆ. ಗ್ಯಾಸ್ ಕ್ರೊಮಟೋಗ್ರಫಿ ಮತ್ತು ಮಾಸ್ ಸ್ಪೆಕ್ಟ್ರೋಮೆಟ್ರಿ ವಿಧಾನದಲ್ಲಿ ಮೇಲೆ ಹೇಳಿದ ನಾಲ್ಕು ವಸ್ತುಗಳನ್ನೂ ಒಟ್ಟು ಪೆಟ್ರೋಲಿಯಂ ಹೈಡ್ರೋಕಾರ್ಬನ್ನನ್ನೂ ನೋಡಬೇಕೆಂದು ಬರೆದು ಕೊಡಬೇಕು, ಎಷ್ಟು ಕಡಿಮೆ ಪ್ರಮಾಣದವರೆಗೆ ಅಳೆಯಬಲ್ಲರೆಂದು ಕೇಳಬೇಕು. ಕುಡಿಯುವ ನೀರಿನ ಭಾರತೀಯ ಮಾನಕ 10500 ಖನಿಜ ತೈಲಕ್ಕೆ ಲೀಟರಿಗೆ 0.5 ಮಿಲಿಗ್ರಾಂ ಮಿತಿ ಇಟ್ಟಿದೆ. ಆ ಒಂದು ಅಂಕಿಯೊಳಗಿದೆ ಎಂದ ಮಾತ್ರಕ್ಕೆ ಬೆಂಜೀನ್ ಇಲ್ಲವೆಂದಾಗುವುದಿಲ್ಲ.

## ತನಿಖೆಯ ಒಳಹೊಕ್ಕು

ಸರಿಯಾದ ತನಿಖೆ ಎಂದರೆ ಏನೇನು ಮಾಡುತ್ತಾರೆ? ಎಷ್ಟು ಬಾವಿ ಕೊರೆಯಬೇಕು?

ಮೊದಲು ಕಾಗದ, ಆಮೇಲೆ ನೆಲ. ಟ್ಯಾಂಕು ಇಟ್ಟ ವರ್ಷ, ಬದಲಿಸಿದ ಕೊಳವೆಗಳು, ದಾಸ್ತಾನು ಪುಸ್ತಕ, ಟ್ಯಾಂಕಿನ ತಳದಲ್ಲಿ ನೀರು ಕಂಡ ದಿನಗಳು. ಬಳಿಕ ಮಣ್ಣಿನ ರಂಧ್ರಗಳಲ್ಲಿರುವ ಆವಿಯನ್ನು ಸಣ್ಣ ಕೊಳವೆಯಿಂದ ಎಳೆದು ಅಳೆಯುತ್ತಾರೆ. ಇದನ್ನು ಜನವರಿಯಿಂದ ಮಾರ್ಚಿನೊಳಗೆ ಮಾಡಬೇಕು, ಮಳೆಗಾಲದ ಒದ್ದೆ ಜೇಡಿಯಲ್ಲಿ ಆವಿ ಅಲುಗುವುದಿಲ್ಲ.

ನೀರಿನ ದಿಕ್ಕು ತಿಳಿಯಲು ಒಂದೇ ಗೆರೆಯಲ್ಲಿಲ್ಲದ ಮೂರು ವೀಕ್ಷಣಾ ಬಾವಿಗಳಾದರೂ ಬೇಕು, ಟ್ಯಾಂಕಿಗಿಂತ ಮೇಲ್ಮಗ್ಗುಲಲ್ಲಿ ಹೋಲಿಕೆಗೆಂದು ಇನ್ನೊಂದು. ಅವುಗಳ ಬಾಯಿಯ ಎತ್ತರವನ್ನು ಸರ್ವೆ ಮಾಡಿ, ಎಲ್ಲದರ ನೀರಿನ ಮಟ್ಟವನ್ನು ಒಂದೇ ದಿನ ಅಳೆದರೆ ನೀರು ವಾಲಿರುವ ಬಗೆ ತಿಳಿಯುತ್ತದೆ. ಈ ಬಾವಿಗಳಿಗೆ ಇಳಿಸುವ ಕೊಳವೆಯಲ್ಲಿ ನೀರು ಒಳಬರಲು ಸೀಳುಗಳಿರುವ ಭಾಗ ನೀರಿನ ಮಟ್ಟದ ಮೇಲೂ ಕೆಳಗೂ ಚಾಚಿರಬೇಕು. ಕೊಡಗಿನಲ್ಲಿ ಬೇಸಿಗೆಯ ತಗ್ಗು ಮಟ್ಟದಿಂದ ಆಗಸ್ಟಿನ ಎತ್ತರದ ಮಟ್ಟದವರೆಗೆ. ಹೆಚ್ಚಿನ ತಪ್ಪು ಆಗುವುದು ಇಲ್ಲಿ: ಬೇಸಿಗೆಗೆ ಹೊಂದಿಸಿ ಕಟ್ಟಿದ ಬಾವಿಯಲ್ಲಿ ಮಳೆಗಾಲದಲ್ಲಿ ತೇಲುವ ಪದರ ಸೀಳುಗಳಿಗಿಂತ ಮೇಲೇರಿ ಒಳಗೆ ಬರುವುದೇ ಇಲ್ಲ.

ಮಾಮೂಲಿ ಬೋರ್‌ವೆಲ್ ಲಾರಿಯನ್ನು ಕರೆಯುವುದು ಬೇಡ. ಅದು ಒತ್ತಡದ ಗಾಳಿ ಊದಿ ಕೊರೆಯುತ್ತದೆ. ಹುಡುಕುತ್ತಿರುವ ಆವಿಯನ್ನೇ ಊದಿಬಿಡುತ್ತದೆ, ಬೆಂಕಿಯ ಅಪಾಯ ಬೇರೆ. ಕೊಳೆತ ಪದರಕ್ಕೆ ಕೈ ಬೈರಿಗೆ ಸಾಕಾಗುತ್ತದೆ. ಮಲಿನ ಪದರವನ್ನು ಮುಚ್ಚದೆ ತೂತು ಹೊಡೆದು ಆಳದ ಬಿರುಕಿಗೆ ಇಳಿದರೆ, ತನಿಖೆಯೇ ಹೊಸ ದಾರಿ ತೋಡಿಕೊಟ್ಟಂತೆ.

ಬಾವಿಯಲ್ಲಿ ಒಂದು ಅಡಿ ಪೆಟ್ರೋಲ್ ತೇಲುತ್ತಿದೆ. ನೆಲದಲ್ಲಿಯೂ ಒಂದು ಅಡಿ ಇದೆ ಎಂದೇ ಅರ್ಥವೆ?

ಅಲ್ಲ. ಬಾವಿ ಟೊಳ್ಳು, ಅಲ್ಲಿ ಇಂಧನ ಪೂರ್ತಿ ಜಾಗ ತುಂಬುತ್ತದೆ. ಮಣ್ಣಿನ ರಂಧ್ರಗಳನ್ನು ಅದು ನೀರು ಮತ್ತು ಗಾಳಿಯೊಂದಿಗೆ ಹಂಚಿಕೊಂಡಿರುತ್ತದೆ. ನುಣುಪು ಮಣ್ಣಿನಲ್ಲಿ ಈ ಅಂತರ ಇನ್ನೂ ಹೆಚ್ಚು.

ಹತ್ತಿರದಲ್ಲಿ ಎರಡು ಬಂಕುಗಳಿವೆ. ಯಾವುದರದು ಎಂದು ನೀರಿನಿಂದಲೇ ಹೇಳಬಹುದೆ?

ಭಾಗಶಃ. ಪೆಟ್ರೋಲಿನಲ್ಲಿ 4ರಿಂದ 12 ಕಾರ್ಬನ್ನಿನ ಅಣುಗಳು, ಡೀಸೆಲ್ಲಿನಲ್ಲಿ ಸುಮಾರು 10ರಿಂದ 22ರವು. ಇವೆರಡನ್ನು ಬೇರೆ ಮಾಡುವುದು ಸುಲಭ. ಬೆಂಜೀನ್ ಮತ್ತು ಟಾಲೂಯಿನ್ ಬೇಗ ಕರಗಿ ಹೋಗುವುದರಿಂದ, ಈಥೈಲ್‌ಬೆಂಜೀನ್, ಜೈಲೀನ್‌ಗಳಿಗೆ ಹೋಲಿಸಿದರೆ ಅವು ಹೆಚ್ಚಿದ್ದಷ್ಟೂ ಸೋರಿಕೆ ಹೊಸದು. ಸೀಸದ ಸಂಯುಕ್ತಗಳು ಸಿಕ್ಕರೆ ಅದು ಸೀಸ ಬೆರೆಸುವುದನ್ನು ದೇಶದಲ್ಲಿ ನಿಲ್ಲಿಸಿದ 2000ಕ್ಕಿಂತ ಹಿಂದಿನದು. ಆದರೆ ಎರಡೂ ಬಂಕಿಗೆ ಒಂದೇ ಶುದ್ಧೀಕರಣ ಘಟಕದ ಇಂಧನ ಬರುತ್ತಿದ್ದರೆ ರಸಾಯನಶಾಸ್ತ್ರ ಅಲ್ಲಿಗೆ ನಿಲ್ಲುತ್ತದೆ. ಉತ್ತರ ಕೊಡುವುದು ನೀರಿನ ಮಟ್ಟದ ನಕ್ಷೆ.

ಎಥನಾಲ್ ಬೆರೆಸಿದ ಪೆಟ್ರೋಲ್ ಬಂದ ಮೇಲೆ ಏನಾದರೂ ಬದಲಾಗಿದೆಯೆ?

ಎರಡು ಬದಲಾವಣೆಗಳು. ನೆಲದ ಸೂಕ್ಷ್ಮಜೀವಿಗಳಿಗೆ ಎಥನಾಲ್ ಹೆಚ್ಚು ಇಷ್ಟ. ಅದನ್ನು ತಿನ್ನುತ್ತಾ ನೀರಿನ ಆಮ್ಲಜನಕವನ್ನು ಮುಗಿಸುತ್ತವೆ, ಅಷ್ಟರಲ್ಲಿ ಬೆಂಜೀನ್ ಹೆಚ್ಚು ದೂರ ಸಾಗಿರುತ್ತದೆ.

ಎರಡನೆಯದು ಟ್ಯಾಂಕಿನೊಳಗಿನದು. ಜುಲೈಯಲ್ಲಿ ಅಂತರ್ಜಲ ಟ್ಯಾಂಕಿಗಿಂತ ಮೇಲೇರಿದಾಗ ರಂಧ್ರದಿಂದ ನೀರು ಒಳಗೆ ಬರುತ್ತದೆ, ಬೇಸಿಗೆಯಲ್ಲಿ ಅದೇ ರಂಧ್ರದಿಂದ ಇಂಧನ ಹೊರಗೆ ಹೋಗುತ್ತದೆ. ಹಿಂದೆ ಒಳಬಂದ ನೀರು ತಳದಲ್ಲಿ ಬೇರೆಯಾಗಿ ನಿಂತು, ಅಳತೆಗೋಲಿಗೆ ಹಚ್ಚಿದ ಪೇಸ್ಟಿನ ಬಣ್ಣ ಬದಲಿಸಿ ಸುಳಿವು ಕೊಡುತ್ತಿತ್ತು. ಎಥನಾಲ್ ಇದ್ದರೆ ಸ್ವಲ್ಪ ನೀರು ಇಂಧನದಲ್ಲಿಯೇ ಕರಗಿ ಅಡಗಿಕೊಳ್ಳುತ್ತದೆ, ಹೆಚ್ಚಾದಾಗ ಎಥನಾಲನ್ನೂ ಎಳೆದುಕೊಂಡು ತಳಕ್ಕೆ ಕೂರುತ್ತದೆ. ಹಳೆಯ ಪೇಸ್ಟು ಇದನ್ನು ಸರಿಯಾಗಿ ತೋರಿಸುವುದಿಲ್ಲ. ಎಥನಾಲಿಗೆಂದೇ ತಯಾರಾದ ಪೇಸ್ಟು ಬೇಕು.

ತಾತನ ಕಾಲದ ಡೀಸೆಲ್ ಟ್ಯಾಂಕು ತೋಟದಲ್ಲಿ ಹೂತಿದೆ. ಕಾಗದಪತ್ರ ಏನೂ ಇಲ್ಲ. ಏನು ಮಾಡಲಿ?

ಡೀಸೆಲ್ ಒಟ್ಟು 2,500 ಲೀಟರ್ ಮೀರದೆ, ಯಾವುದೇ ಪಾತ್ರೆ 1,000 ಲೀಟರ್ ಮೀರದಿದ್ದರೆ 1934ರ ಪೆಟ್ರೋಲಿಯಂ ಕಾಯ್ದೆಯಡಿ ಲೈಸೆನ್ಸ್ ಬೇಡ. ಹಾಗಾಗಿ ತೋಟಗಳ ಸಣ್ಣ ದಾಸ್ತಾನಿಗೆ ಕಡತವೇ ಹುಟ್ಟಿರುವುದಿಲ್ಲ. ಹಳೆಯ ರೈಟರು, ಡ್ರೈವರುಗಳ ನೆನಪೇ ದಾಖಲೆ. ಅವರಿರುವಾಗಲೇ ಕೇಳಿ ಬರೆದಿಟ್ಟುಕೊಳ್ಳಿ. ಟ್ಯಾಂಕನ್ನು ಗ್ಯಾಸ್ ಕಟ್ಟರಿನಿಂದ ಕತ್ತರಿಸಿ ಗುಜರಿಗೆ ಹಾಕಲು ಹೋಗಬೇಡಿ. ಖಾಲಿ ಟ್ಯಾಂಕಿನೊಳಗಿನ ಆವಿ ಸಿಡಿಯುತ್ತದೆ. ಅನುಭವಿಗಳಿಂದ ಖಾಲಿ ಮಾಡಿಸಿ, ಆವಿ ಹೊರಹಾಕಿಸಿ, ಎತ್ತಿಸಿದ ಮೇಲೆ ಗುಂಡಿಯ ತಳದ ಮಣ್ಣನ್ನು ಪರೀಕ್ಷೆಗೆ ಕಳಿಸಿ.

ದೂರು ಯಾರಿಗೆ ಕೊಡಬೇಕು? ನಮ್ಮ ಟೆಸ್ಟ್ ರಿಪೋರ್ಟ್ ಸಾಕ್ಷಿಯಾಗುತ್ತದೆಯೆ?

ನೀರಿನ ವಿಷಯಕ್ಕೆ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ, ಟ್ಯಾಂಕಿನ ಸುರಕ್ಷತೆಗೆ ಲೈಸೆನ್ಸ್ ಕೊಡುವ ಕೇಂದ್ರದ ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆ. ಎರಡಕ್ಕೂ ಬರೆದು ಜಿಲ್ಲಾಧಿಕಾರಿಗೆ ಪ್ರತಿ ಕೊಡಿ. 1974ರ ಜಲ ಕಾಯ್ದೆಯ 24ನೇ ಕಲಂ ಮಲಿನ ವಸ್ತುವನ್ನು ಹೊಳೆಗೂ ಬಾವಿಗೂ ಬಿಡುವುದನ್ನು ನಿಷೇಧಿಸುತ್ತದೆ, 21ನೇ ಕಲಂ ಸ್ಯಾಂಪಲ್ ತೆಗೆಯುವ ಅಧಿಕಾರವನ್ನು ಮಂಡಳಿಗೆ ಕೊಡುತ್ತದೆ. ನೀವು ಮಾಡಿಸಿದ ವರದಿಯನ್ನು ಮಂಡಳಿಯನ್ನು ಸ್ಥಳಕ್ಕೆ ಕರೆಸುವ ಸಾಧನವೆಂದು ತಿಳಿಯುವುದು ಒಳ್ಳೆಯದು.

ಹಸಿರು ನ್ಯಾಯಮಂಡಳಿಗೆ ಹೋಗುವುದಾದರೆ ದಕ್ಷಿಣ ಪೀಠ ಚೆನ್ನೈಯಲ್ಲಿದೆ. 2010ರ ಕಾಯ್ದೆಯ ಪ್ರಕಾರ ವಿವಾದದ ಅರ್ಜಿಗೆ ಆರು ತಿಂಗಳು, ಪರಿಹಾರದ ಅರ್ಜಿಗೆ ಐದು ವರ್ಷಗಳ ಗಡುವು. ಆದ್ದರಿಂದ ವಾಸನೆ ಮೊದಲು ಬಂದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.

ಟ್ಯಾಂಕು ಬದಲಿಸಿದರು. ಬಾವಿ ಯಾವಾಗ ಸರಿಹೋಗುತ್ತದೆ?

ಟ್ಯಾಂಕು ಬದಲಿಸಿದರೆ ಹೊಸ ಇಂಧನ ಬರುವುದು ನಿಲ್ಲುತ್ತದೆ. ಮಣ್ಣಿಗೆ ಬಳಿದುಕೊಂಡದ್ದು ಅಲ್ಲಿಯೇ ಇದ್ದು ಪ್ರತಿ ಮಳೆಗೂ ಸ್ವಲ್ಪ ಸ್ವಲ್ಪ ಕರಗುತ್ತದೆ. ತೇಲುವುದನ್ನು ಎತ್ತಿ ತೆಗೆಯುವುದು, ಮಣ್ಣಿನ ಆವಿಯನ್ನು ಎಳೆಯುವುದು, ನೀರಿನೊಳಗೆ ಗಾಳಿ ಊದುವುದು, ಇವೆಲ್ಲ ಮರಳು ನೆಲದಲ್ಲಿ ಬೇಗ, ನಮ್ಮ ಜೇಡಿಯಲ್ಲಿ ನಿಧಾನ. ಉಳಿದದ್ದನ್ನು ಸೂಕ್ಷ್ಮಜೀವಿಗಳಿಗೆ ಬಿಡುವುದೂ ಒಪ್ಪಿತ ಕ್ರಮವೇ, ಆದರೆ ಬೆಂಜೀನ್ ಇಳಿಯುತ್ತಿದೆಯೆಂದು ಬಾವಿಯ ನೀರೇ ತೋರಿಸಬೇಕು. ಒಂದು ಮಾರ್ಚಿನ ಅಂಕಿಯನ್ನು ಹಿಂದಿನ ಮಾರ್ಚಿನೊಂದಿಗೆ, ಒಂದು ಆಗಸ್ಟಿನದನ್ನು ಹಿಂದಿನ ಆಗಸ್ಟಿನೊಂದಿಗೆ ಮಾತ್ರ ಹೋಲಿಸಬೇಕು. ಮಾರ್ಚಿನ ಅಂಕಿ ಹೆಚ್ಚಿತ್ತು, ಆಗಸ್ಟಿನದು ಇಳಿಯಿತು ಎಂದು ಕಡತ ಮುಚ್ಚಿದರೆ ಮುಂದಿನ ಸ್ಪ್ರಿಂಕ್ಲರ್ ಹಚ್ಚುವ ಹೊತ್ತಿಗೆ ಅದನ್ನು ಮತ್ತೆ ತೆರೆಯಬೇಕಾಗುತ್ತದೆ.